ಶಿಫಾರಸೋ, ಶಾಸನವೋ?

ದಾವಣಗೆರೆಯ ವಿದ್ಯಾನಗರದಲ್ಲಿಯೋ ಪಿ. ಜೆ. ಬಡಾವಣೆಯಲ್ಲಿಯೋ ಸುಶಿಕ್ಷಿತ ಗೃಹಸ್ಥನೊಬ್ಬನ ಮನೆಯನ್ನು ಊಹಿಸಿಕೊಳ್ಳೋಣವಾಗಲಿ. ರಾತ್ರಿ ಒಂಬತ್ತು ಗಂಟೆಯಾಗಿದೆ; ಕಾಲೇಜಿಗೆ ಹೋದ ಮಗನು ಇನ್ನೂ ಬಂದಿಲ್ಲ. ಅಷ್ಟರಲ್ಲಿ, ಹುಡುಗನನ್ನು ಠಾಣೆಗೆ ಕರೆದೊಯ್ದಿದ್ದಾರೆಂಬ ವರ್ತಮಾನವು ಬರುತ್ತದೆ. ತಾಯಿಯು ದೇವರ ಮುಂದೆ ಕೈಮುಗಿದು ನಿಲ್ಲುತ್ತಾಳೆ. ತಂದೆಯು ಮಾಡುವ ಮೊದಲನೆಯ ಕಾರ್ಯವೇನು? ಆತನು ಪದವೀಧರನು, ದಿನವೂ ಎರಡು ಪತ್ರಿಕೆಗಳನ್ನು ಓದತಕ್ಕವನು, ಸಂವಿಧಾನ ದಿನದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದವನು. ಆದರೂ, ಮಗನನ್ನು ಯಾವ ಕಾರಣಕ್ಕೆ ಕರೆದೊಯ್ದರೆಂದು ಆತನು ವಿಚಾರಿಸುವುದಿಲ್ಲ. ಅದು ದಸ್ತಗಿರಿಯೋ, ಬರಿಯ ವಿಚಾರಣೆಯೋ ಎಂದು ಕೇಳುವುದಿಲ್ಲ. ಪರಿಚಿತರಾದ ವಕೀಲರನ್ನು ಸಹ ಕೂಡಲೇ ಕರೆಯುವುದಿಲ್ಲ. ಫೋನನ್ನು ಕೈಗೆತ್ತಿಕೊಂಡು, ಶಾಸಕರ ಆಪ್ತರು ಯಾರು, ಇನ್‌ಸ್ಪೆಕ್ಟರಿಗೆ ಬೇಕಾದವರು ಯಾರು, ಮೇಲಧಿಕಾರಿಗೆ ಒಂದು ಮಾತು ಹೇಳಬಲ್ಲವರು ಯಾರು ಎಂದು ಹುಡುಕತೊಡಗುತ್ತಾನೆ.

ಅರ್ಧ ಗಂಟೆಯಲ್ಲಿ ಕಾರ್ಯವು ಕೈಗೂಡುತ್ತದೆ. ಮಗನು ಮನೆಗೆ ಬರುತ್ತಾನೆ. ಮರುದಿನ ಎಲ್ಲರೂ ಆ ತಂದೆಯ ಚಾತುರ್ಯವನ್ನು ಹೊಗಳುತ್ತಾರೆ. ಆದರೆ ಅದೇ ರಾತ್ರಿ, ಅದೇ ಠಾಣೆಗೆ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವನ ಮಗನನ್ನೂ ಕರೆತಂದಿರಬಹುದು. ಆ ಮನೆಯವರಿಗೆ ಶಾಸಕರ ಆಪ್ತರ ಪರಿಚಯವಿಲ್ಲ. ಆ ಹುಡುಗನ ಗತಿಯೇನು? ಈ ಪ್ರಶ್ನೆಯನ್ನು ವಿದ್ಯಾನಗರದ ಗೃಹಸ್ಥನು ಕೇಳಿಕೊಳ್ಳಲಾರನು. ಕೇಳಿಕೊಂಡರೆ ಆ ರಾತ್ರಿಯ ಜಯವು ಕಹಿಯಾಗುವುದು.

ಪೋಲೀಸರ ದಬ್ಬಾಳಿಕೆಯನ್ನು ಕುರಿತು ಈ ನಾಡಿನಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ಆದರೆ ಆ ದಬ್ಬಾಳಿಕೆಯು ಉಳಿದುಕೊಂಡು ಬರಲು ಅಧಿಕಾರಿಗಳ ಸ್ವಭಾವವೊಂದೇ ಕಾರಣವಲ್ಲ. ಓದುಬರಹ ಬಲ್ಲ ಕುಟುಂಬಗಳು ಹಕ್ಕನ್ನು ಬಿಟ್ಟು ಶಿಫಾರಸನ್ನು ಹಿಡಿದಿರುವುದೂ ಅಷ್ಟೇ ಪ್ರಬಲವಾದ ಕಾರಣ. ಹಕ್ಕೆಂಬುದು ರೂಢಿಯಿಂದ ಬಲಗೊಳ್ಳತಕ್ಕ ವಸ್ತು. ಅದನ್ನು ಕೇಳಬಲ್ಲವರೇ ಕೇಳದೆ ಹೋದರೆ, ಕೇಳಲಾರದವರ ಪಾಲಿಗೆ ಅದು ಸತ್ತಂತೆಯೇ ಸರಿ. ಕುದುರೆಯ ಹಿಂದೆ, ಅಧಿಕಾರಿಯ ಮುಂದೆ ಹೋಗಬಾರದೆಂಬ ಗಾದೆಯು ಪಾಳೆಯಗಾರರ ಕಾಲಕ್ಕೆ ವಿವೇಕವಾಗಿದ್ದಿರಬಹುದು. 1950ನೆಯ ಇಸವಿ ಜನವರಿ 26ರಿಂದೀಚೆಗೆ ಅದನ್ನು ಪಠಿಸುವುದು ಅವಿವೇಕ.

ಆ ತಂದೆಯು ಠಾಣೆಗೆ ಹೋಗಿ ಏನನ್ನು ಕೇಳಬಹುದಾಗಿದ್ದಿತು? ಯಾರ ಕೃಪೆಯನ್ನೂ ಬೇಡದೆ, ಶಾಸನದ ಬಲದಿಂದಲೇ ಆತನು ಕೇಳಬಹುದಾಗಿದ್ದ ಸಂಗತಿಗಳು ಅನೇಕವಿವೆ. ಸಂವಿಧಾನದ 22ನೆಯ ಅನುಚ್ಛೇದವು, ದಸ್ತಗಿರಿಯಾದವನಿಗೆ ಅದರ ಕಾರಣವನ್ನು ಬೇಗನೆ ತಿಳಿಸಬೇಕೆಂದೂ, ಆತನು ತನಗೆ ಬೇಕಾದ ವಕೀಲರನ್ನು ಕಂಡು ಆಲೋಚಿಸಲು ಅಡ್ಡಿಪಡಿಸಕೂಡದೆಂದೂ, ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಆತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದೂ ವಿಧಿಸಿದೆ. ದಾವಣಗೆರೆಯಲ್ಲಿಯೂ ಹರಿಹರದಲ್ಲಿಯೂ ಮ್ಯಾಜಿಸ್ಟ್ರೇಟರ ನ್ಯಾಯಾಲಯಗಳು ಊರೊಳಗೇ ಇವೆ. ಆದುದರಿಂದ ಪ್ರಯಾಣದ ನೆಪವು ಇಲ್ಲಿ ಸಲ್ಲತಕ್ಕದ್ದಲ್ಲ. ರಜೆಯ ದಿನವೆಂಬ ನೆಪವೂ ಸಲ್ಲದು.

1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ 2024ನೆಯ ಇಸವಿ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಜಾರಿಯಲ್ಲಿದೆ. ಅದರ 36ನೆಯ ಪ್ರಕರಣದಂತೆ, ದಸ್ತಗಿರಿ ಮಾಡುವ ಅಧಿಕಾರಿಯು ತನ್ನ ಹೆಸರು ಸ್ಪಷ್ಟವಾಗಿ ಕಾಣುವ ಗುರುತನ್ನು ಧರಿಸಿರಬೇಕು. ದಸ್ತಗಿರಿಯ ಪತ್ರವನ್ನು ಸ್ಥಳದಲ್ಲಿಯೇ ಬರೆದು, ಮನೆಯವರೊಬ್ಬರ ಅಥವಾ ಆ ಕೇರಿಯ ಗೌರವಸ್ಥರೊಬ್ಬರ ಸಾಕ್ಷಿಯನ್ನು ಹಾಕಿಸಿ, ದಸ್ತಗಿರಿಯಾದವನ ರುಜುವನ್ನು ಪಡೆಯಬೇಕು. 38ನೆಯ ಪ್ರಕರಣದಂತೆ, ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ ಅದರ ನಡುವೆ ವಕೀಲರನ್ನು ಕಾಣುವ ಹಕ್ಕು ಆತನಿಗುಂಟು. 47ನೆಯದರಂತೆ ಅಪರಾಧದ ಪೂರ್ಣ ವಿವರವನ್ನೂ, ಜಾಮೀನಿಗೆ ಅರ್ಹವಾದುದಾದರೆ ಆ ಹಕ್ಕನ್ನೂ ಆತನಿಗೆ ತಿಳಿಸಬೇಕು. 48ನೆಯದರಂತೆ ಬಂಧುವಿಗೋ ಮಿತ್ರನಿಗೋ ಸುದ್ದಿಯನ್ನು ಮುಟ್ಟಿಸಬೇಕು. 53ನೆಯದರಂತೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಹುಡುಗನು 18 ವರ್ಷ ತುಂಬದವನಾದರೆ, 2015ರ ಬಾಲನ್ಯಾಯ ಕಾಯಿದೆಯಂತೆ ಆತನನ್ನು ಲಾಕಪ್ಪಿನಲ್ಲಿಡಲೇ ಕೂಡದು.

ಮನೆಯ ಹೆಣ್ಣುಮಕ್ಕಳಿಗೂ ವೃದ್ಧರಿಗೂ ಶಾಸನವು ವಿಶೇಷವಾದ ರಕ್ಷೆಯನ್ನು ಕೊಟ್ಟಿದೆ. ಸಾಕ್ಷಿಯನ್ನು ಕೇಳುವ ನೆಪದಿಂದ ಸ್ತ್ರೀಯರನ್ನಾಗಲಿ, 15 ವರ್ಷದೊಳಗಿನ ಬಾಲಕರನ್ನಾಗಲಿ, 60 ವರ್ಷ ಮೀರಿದವರನ್ನಾಗಲಿ, ಅಂಗವಿಕಲರನ್ನಾಗಲಿ, ತೀವ್ರ ಕಾಯಿಲೆಯವರನ್ನಾಗಲಿ ಠಾಣೆಗೆ ಬರಹೇಳಕೂಡದು; ಪೋಲೀಸರೇ ಅವರ ಮನೆಗೆ ಬಂದು ಕೇಳಬೇಕೆಂದು 179ನೆಯ ಪ್ರಕರಣವು ಹೇಳುತ್ತದೆ. ಅಸಾಧಾರಣ ಸಂದರ್ಭದಲ್ಲಿ, ಮ್ಯಾಜಿಸ್ಟ್ರೇಟರ ಪೂರ್ವಾನುಮತಿಯನ್ನು ಪಡೆದ ಮಹಿಳಾ ಅಧಿಕಾರಿಯ ಮೂಲಕವಲ್ಲದೆ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸ್ತ್ರೀಯನ್ನು ದಸ್ತಗಿರಿ ಮಾಡುವಂತಿಲ್ಲ. ತನಿಖೆಯಲ್ಲಿ ಪೋಲೀಸರು ಬರೆದುಕೊಳ್ಳುವ ಸಾಕ್ಷಿಯ ಹೇಳಿಕೆಗೆ ರುಜು ಹಾಕಿಸುವಂತಿಲ್ಲ. ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತಿಗೆ ತರುವಂತಿಲ್ಲ. ಹೊಡೆದು ಬಡಿದು ತಪ್ಪೊಪ್ಪಿಸಿದ ಅಧಿಕಾರಿಗೆ ಭಾರತೀಯ ನ್ಯಾಯ ಸಂಹಿತೆಯ 120ನೆಯ ಪ್ರಕರಣದಂತೆ 7 ವರ್ಷಗಳವರೆಗೆ, ಘೋರವಾದ ಗಾಯವಾಗಿದ್ದರೆ 10 ವರ್ಷಗಳವರೆಗೆ ಸೆರೆವಾಸವುಂಟು.

ಇಷ್ಟು ಆಯುಧಗಳು ಮನೆಯಲ್ಲಿರುವಾಗ, ನೆರೆಯವನ ಕೋಲನ್ನು ಬೇಡಿ ಹೊರಡುವವನನ್ನು ಬುದ್ಧಿವಂತನೆನ್ನಬಹುದೇ?

ಶಿಫಾರಸಿನ ಪಕ್ಷಪಾತಿಗಳು ಇದಕ್ಕೆ ಹೇಳುವ ಉತ್ತರವು ಸಿದ್ಧವಾಗಿಯೇ ಇದೆ: "ಪುಸ್ತಕದಲ್ಲಿ ಬರೆದದ್ದು ಠಾಣೆಯಲ್ಲಿ ನಡೆಯುವುದಿಲ್ಲ." ನಡೆಯದಿದ್ದಾಗ ಆಗುವ ಅನಾಹುತವೆಂಥದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ, ಇದೇ ಜಿಲ್ಲೆಯ ಚನ್ನಗಿರಿಯೇ ಸಾಕು. 2024ನೆಯ ಇಸವಿ ಮೇ 24ರಂದು, ಜೂಜಿನ ಸಂಬಂಧವಾದ ಸಂಶಯದ ಮೇಲೆ ಠಾಣೆಗೆ ಕರೆತರಲಾದ ಯುವಕನೊಬ್ಬನು ಪ್ರಾಣವನ್ನು ಕಳೆದುಕೊಂಡನು. ಆತನು ಅಸ್ವಸ್ಥನಾಗಿ ತೀರಿಕೊಂಡನೆಂದು ಪೋಲೀಸರು ಹೇಳಿದರು. ಠಾಣೆಯವರೇ ಕಾರಣರೆಂದು ಮನೆಯವರು ದೂರಿದರು. ಆ ರಾತ್ರಿ ಜನಜಂಗುಳಿಯು ಠಾಣೆಯ ಮೇಲೆ ಕಲ್ಲು ತೂರಿತು, ವಾಹನಗಳು ಜಖಂಗೊಂಡವು, ಹಲವು ಮಂದಿ ಪೋಲೀಸರು ಗಾಯಗೊಂಡರು. ಸರ್ಕಾರವು ಡೆಪ್ಯುಟಿ ಸುಪರಿಂಟೆಂಡೆಂಟರನ್ನೂ ಇನ್‌ಸ್ಪೆಕ್ಟರನ್ನೂ ಅಮಾನತಿನಲ್ಲಿಟ್ಟಿತು; ತನಿಖೆಯನ್ನು ಸಿ. ಐ. ಡಿ.ಗೆ ಒಪ್ಪಿಸಿತು. ಪ್ರಥಮ ವರ್ತಮಾನ ವರದಿಯನ್ನು ದಾಖಲು ಮಾಡದೆ ಆತನನ್ನು ಠಾಣೆಗೆ ಕರೆತಂದದ್ದು ತಪ್ಪೆಂದು ಮುಖ್ಯಮಂತ್ರಿಗಳೇ ಹೇಳಿದರು.

ಆ ಸಾವಿಗೆ ಕಾರಣವೇನೆಂಬುದು ವೈದ್ಯರೂ ತನಿಖೆಗಾರರೂ ನಿರ್ಣಯಿಸತಕ್ಕ ವಿಷಯ. ಅದನ್ನು ಪತ್ರಿಕೆಯ ಪುಟದಲ್ಲಿ ತೀರ್ಮಾನಿಸುವುದು ಯುಕ್ತವಲ್ಲ. ಆದರೆ ಒಂದು ಸಂಗತಿಯು ವಿವಾದಕ್ಕೆ ಎಡೆಯಿಲ್ಲದಂತೆ ಎದ್ದು ಕಾಣುತ್ತದೆ. ಕಾಗದದ ಮೇಲೆ ಇರಬೇಕಾದದ್ದು ಇರಲಿಲ್ಲ. ಕರೆತಂದ ಕಾರಣ, ಕರೆತಂದ ಹೊತ್ತು, ಸಾಕ್ಷಿಯ ರುಜು, ಮನೆಯವರಿಗೆ ಕೊಟ್ಟ ಸುದ್ದಿ, ವೈದ್ಯರ ಪರೀಕ್ಷೆ ಎಂಬ ಇವೆಲ್ಲವೂ ಕ್ರಮವಾಗಿ ಬರೆದಿಟ್ಟಿದ್ದರೆ, ಪೋಲೀಸರು ನಿರಪರಾಧಿಗಳಾಗಿದ್ದ ಪಕ್ಷದಲ್ಲಿ ಅದೇ ಅವರ ರಕ್ಷಾಕವಚವಾಗುತ್ತಿತ್ತು. ಅಪರಾಧಿಗಳಾಗಿದ್ದ ಪಕ್ಷದಲ್ಲಿ ಅದೇ ಅವರ ಮೇಲಿನ ಸಾಕ್ಷಿಯಾಗುತ್ತಿತ್ತು. ಕಾಗದವಿಲ್ಲದ ಎಡೆಯಲ್ಲಿ ವದಂತಿಯು ಹುಟ್ಟುತ್ತದೆ, ವದಂತಿಯು ಕಲ್ಲನ್ನೆತ್ತುತ್ತದೆ. ಕಲ್ಲನ್ನೆತ್ತಿದವರ ಮನೆಗಳಿಗೆ ಮರುದಿನ ಪೋಲೀಸರು ಬರುತ್ತಾರೆ. ಹೀಗೆ ಒಂದು ಹಾಳೆಯ ಅಭಾವದಿಂದ ಒಂದು ಜೀವವು ಹೋದ ಮನೆಗೆ ಸಮಾಧಾನವಿಲ್ಲದಂತಾಯಿತು. ಒಂದು ಊರಿನ ನೆಮ್ಮದಿ ಕೆಟ್ಟಿತು. ಠಾಣೆಯ ಮರ್ಯಾದೆ ಹೋಯಿತು. ಕಲ್ಲೆಸೆತವನ್ನು ಯಾವ ವಿವೇಕಿಯೂ ಸಮರ್ಥಿಸಲಾರನು. ಆದರೆ ಶಾಸನವನ್ನು ಮೀರಿ ಒಳಗೆ ತಂದವರೂ ಶಾಸನವನ್ನು ಮೀರಿ ಹೊರಗಿನಿಂದ ಕಲ್ಲು ತೂರಿದವರೂ ಒಂದೇ ರೋಗದಿಂದ ನರಳುವವರು: ಇಬ್ಬರಿಗೂ ಶಾಸನದಲ್ಲಿ ನಂಬಿಕೆಯಿಲ್ಲ.

ದಸ್ತಗಿರಿಯ ಮಾತು ಹಾಗಿರಲಿ. ಫಿರ್ಯಾದನ್ನು ಹೊತ್ತುಕೊಂಡು ಠಾಣೆಗೆ ಹೋದವನ ಅವಸ್ಥೆಯೂ ವಿಚಾರಾರ್ಹವಾದುದು. "ಇದು ನಮ್ಮ ಹದ್ದಿಗೆ ಸೇರಿದ್ದಲ್ಲ" ಎಂಬ ಮಾತನ್ನು ಕೇಳಿ ಹಿಂದಿರುಗಿದವರ ಸಂಖ್ಯೆಯು ಈ ನಾಡಿನಲ್ಲಿ ಕಡಮೆಯಲ್ಲ. ಹರಿಹರದವರಿಗೆ ಹದ್ದೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಊರ ಪಕ್ಕದಲ್ಲಿ ಹರಿಯುವ ತುಂಗಭದ್ರೆಯು 1956ರ ವರೆಗೆ ಮೈಸೂರು ಸೀಮೆಗೂ ಮುಂಬಯಿ ಸೀಮೆಗೂ ಗಡಿಯಾಗಿದ್ದಳು. ಇಂದಿಗೂ ಈಚೆಯ ದಡವು ದಾವಣಗೆರೆ ಜಿಲ್ಲೆ, ಆಚೆಯ ಕುಮಾರಪಟ್ಟಣವು ಹಾವೇರಿ ಜಿಲ್ಲೆ. ಸೇತುವೆಯ ಮೇಲೆ ಒಬ್ಬನಿಗೆ ಅನ್ಯಾಯವಾದರೆ ಆತನು ಯಾವ ದಡಕ್ಕೆ ಹೋಗಬೇಕು? ಶಾಸನದ ಉತ್ತರವು ನಿಸ್ಸಂದಿಗ್ಧವಾಗಿದೆ: ಯಾವ ದಡಕ್ಕಾದರೂ ಹೋಗಬಹುದು. ಗಂಭೀರವಾದ, ಪೋಲೀಸರೇ ಕೈಗೊಳ್ಳಬಹುದಾದ ಅಪರಾಧದ ವರ್ತಮಾನವನ್ನು, ಅದು ಎಲ್ಲಿಯೇ ನಡೆದಿದ್ದರೂ, ಯಾವ ಠಾಣೆಯಲ್ಲಾದರೂ ಕೊಡಬಹುದೆಂದು ಸಂಹಿತೆಯ 173ನೆಯ ಪ್ರಕರಣವು ಹೇಳುತ್ತದೆ. ಇದನ್ನೇ ಜನರು ಶೂನ್ಯ ಸಂಖ್ಯೆಯ ವರದಿ ಎನ್ನುತ್ತಾರೆ. ಅದನ್ನು ದಾಖಲು ಮಾಡಿಕೊಂಡು ತಕ್ಕ ಠಾಣೆಗೆ ಕಳುಹಿಸುವುದು ಪೋಲೀಸರ ಹೊಣೆ. ಫಿರ್ಯಾದಿಯು ದಡದಿಂದ ದಡಕ್ಕೆ ಅಲೆಯಬೇಕಾಗಿಲ್ಲ. ವರದಿಯ ಪ್ರತಿಯನ್ನು ಆತನಿಗೆ ಪುಕ್ಕಟೆಯಾಗಿ ಕೊಡಬೇಕು. ವಿದ್ಯುನ್ಮಾನದ ಮೂಲಕ ತಿಳಿಸಿದರೂ ಸಲ್ಲುವುದು. ಆದರೆ ಮೂರು ದಿನಗಳೊಳಗೆ ರುಜು ಹಾಕಬೇಕು.

ಅಂಥ ಅಪರಾಧದ ವರ್ತಮಾನವು ಬಂದಾಗ ವರದಿಯನ್ನು ದಾಖಲು ಮಾಡುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2013ನೆಯ ಇಸವಿ ನವೆಂಬರ್ 12ರಂದು, ಲಲಿತಾ ಕುಮಾರಿಯ ಮೊಕದ್ದಮೆಯಲ್ಲಿ, ಐವರು ನ್ಯಾಯಮೂರ್ತಿಗಳ ಪೀಠದಿಂದ ತೀರ್ಪಿತ್ತಿದೆ. ಈಗಿನ ಸಂಹಿತೆಯು 3 ವರ್ಷದಿಂದ 7 ವರ್ಷಕ್ಕೆ ಕಡಮೆಯಾದ ಶಿಕ್ಷೆಯುಳ್ಳ ಅಪರಾಧಗಳಲ್ಲಿ ಮಾತ್ರ, ಮೇಲಧಿಕಾರಿಯ ಅನುಮತಿಯೊಡನೆ, 14 ದಿನಗಳ ಪ್ರಾಥಮಿಕ ವಿಚಾರಣೆಗೆ ಎಡೆಗೊಟ್ಟಿದೆ. ಠಾಣೆಯವರು ನಿರಾಕರಿಸಿದರೆ, ಜಿಲ್ಲಾ ಸುಪರಿಂಟೆಂಡೆಂಟರಿಗೆ ಅಂಚೆಯ ಮೂಲಕ ಬರೆದು ಕಳುಹಿಸಬಹುದು. ಅಲ್ಲಿಯೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರ ಮೊರೆಹೋಗಬಹುದು. ಅಂಚೆಯ ರಸೀದಿಯು ಶಾಸಕರ ಆಪ್ತನಿಗಿಂತ ನಂಬಿಗಸ್ತನಾದ ಸಾಕ್ಷಿ. ಅದು ಮಾತು ಬದಲಿಸುವುದಿಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ದೋಷವನ್ನೂ ಹೇಳದೆ ಬಿಡುವಂತಿಲ್ಲ. ಠಾಣೆಗೆ ಒಯ್ಯಬಾರದ ವ್ಯಾಜ್ಯಗಳನ್ನು ಸುಶಿಕ್ಷಿತರೇ ಅಲ್ಲಿಗೆ ಒಯ್ಯುತ್ತಾರೆ. ಕೊಟ್ಟ ಸಾಲ ಬಾರದಿದ್ದರೆ, ಬಾಡಿಗೆಯವನು ಮನೆ ಬಿಡದಿದ್ದರೆ, ಅಣ್ಣತಮ್ಮಂದಿರಲ್ಲಿ ಹಿಸ್ಸೆಯ ಜಗಳವಾದರೆ, ಸಿವಿಲ್ ನ್ಯಾಯಾಲಯದ ವಿಳಂಬಕ್ಕೆ ಅಂಜಿ, ಇನ್‌ಸ್ಪೆಕ್ಟರನನ್ನು ಪಂಚಾಯಿತಿಗೆ ಕೂರಿಸುತ್ತಾರೆ. "ಒಂದು ಸಲ ಕರೆದು ಗದರಿಸಿದರೆ ಸಾಕು" ಎಂದು ಕೇಳಿಕೊಳ್ಳುತ್ತಾರೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯು ನ್ಯಾಯಾಲಯವನ್ನು ಕುರಿತು ಹುಟ್ಟಿದ್ದೇನೋ ನಿಜ. ಆದರೆ ಪರರನ್ನು ಗದರಿಸಲು ಶಾಸನಬಾಹಿರವಾದ ಅಧಿಕಾರವನ್ನು ಠಾಣೆಗೆ ಯಾರು ದಾನ ಮಾಡುವರೋ, ಅದೇ ಅಧಿಕಾರವು ಒಂದು ದಿನ ತಮ್ಮ ಬಾಗಿಲನ್ನು ತಟ್ಟಿದಾಗ ಅವರು ಆಶ್ಚರ್ಯಪಡತಕ್ಕದ್ದಲ್ಲ.

ಹಕ್ಕುಗಳು ಕಳ್ಳಕಾಕರಿಗೆ ಆಸರೆಯಾಗುವುವೆಂಬ ಆಕ್ಷೇಪವು ಹಳೆಯದು. ಕಳ್ಳನಿಗೆ ಶಿಕ್ಷೆಯಾಗಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ದಸ್ತಗಿರಿಯ ಹೊತ್ತಿನಲ್ಲಿ ಆತನು ಕಳ್ಳನೆಂದು ಯಾರು ನಿರ್ಣಯಿಸಿದರು? ಹಿಡಿದವನೇ ನಿರ್ಣಯಿಸುವುದಾದರೆ ನ್ಯಾಯಾಧೀಶರೇಕೆ, ನ್ಯಾಯಾಲಯವೇಕೆ? ಅಲ್ಲದೆ, ಪೆಟ್ಟಿನಿಂದ ಒಪ್ಪಿಸಿದ ತಪ್ಪು ನ್ಯಾಯಾಲಯದಲ್ಲಿ ನಿಲ್ಲದೆ, ನಿಜವಾದ ಕಳ್ಳನೇ ಬಿಡುಗಡೆ ಹೊಂದುತ್ತಾನೆ. ಹೀಗಿರಲು, ಕ್ರಮವನ್ನು ಮೀರುವ ಪೋಲೀಸಿನವನೇ ಕಳ್ಳನಿಗೆ ಮೊದಲನೆಯ ವಕೀಲನೆಂದರೆ ಅತಿಶಯೋಕ್ತಿಯಾಗದು.

ಪೋಲೀಸರಿಗೆ ಕೆಲಸವು ಮಿತಿಮೀರಿದೆಯೆಂಬ ಇನ್ನೊಂದು ಆಕ್ಷೇಪವು ಮಾತ್ರ ಗೌರವಾರ್ಹವಾದುದು. ಜಾತ್ರೆಗೆ ಬಂದೋಬಸ್ತು, ಮಂತ್ರಿಗಳ ಆಗಮನಕ್ಕೆ ಬಂದೋಬಸ್ತು, ಇವುಗಳ ನಡುವೆ ತನಿಖೆ. ಆದುದರಿಂದಲೇ, ತನಿಖೆಯನ್ನು ಶಾಂತಿಪಾಲನೆಯಿಂದ ಬೇರ್ಪಡಿಸಬೇಕೆಂದೂ, ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷಗಳ ನಿಶ್ಚಿತ ಅವಧಿಯನ್ನು ಕೊಡಬೇಕೆಂದೂ, ದೂರುಗಳನ್ನು ಕೇಳುವ ಪ್ರಾಧಿಕಾರಗಳನ್ನು ರಚಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2006ನೆಯ ಇಸವಿ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗರ ಮೊಕದ್ದಮೆಯಲ್ಲಿ ಆಜ್ಞಾಪಿಸಿತು. ಕರ್ನಾಟಕವು 1963ರ ತನ್ನ ಪೋಲೀಸು ಕಾಯಿದೆಯನ್ನು 2012ರಲ್ಲಿ ತಿದ್ದಿ, ರಾಜ್ಯಕ್ಕೂ ಜಿಲ್ಲೆಗೂ ಅಂಥ ದೂರು ಪ್ರಾಧಿಕಾರಗಳನ್ನು ಕಲ್ಪಿಸಿತು. ಈ ಸುಧಾರಣೆಗಳ ಶತ್ರು ಯಾವುದು? ಶಿಫಾರಸೇ. ಒಬ್ಬನ ಮಗನನ್ನು ಬಿಡಿಸುವ ಫೋನೂ, ಪ್ರಾಮಾಣಿಕನಾದ ಅಧಿಕಾರಿಯನ್ನು ಆರು ತಿಂಗಳಲ್ಲಿ ವರ್ಗ ಮಾಡಿಸುವ ಫೋನೂ ಒಂದೇ ಮರದ ಎರಡು ಕೊಂಬೆಗಳು. ಒಂದಕ್ಕೆ ನೀರೆರೆದು ಇನ್ನೊಂದು ಒಣಗಲಿ ಎಂದರೆ ಒಣಗೀತೇ?

ಸುಶಿಕ್ಷಿತನೊಬ್ಬನು ಏನು ಮಾಡಬಲ್ಲನೆಂಬುದಕ್ಕೆ ಡಿ. ಕೆ. ಬಸು ಅವರ ನಿದರ್ಶನವೇ ಸಾಕು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಮುಖ್ಯರಾಗಿದ್ದ ಅವರು, ಲಾಕಪ್ಪಿನ ಸಾವುಗಳ ವಾರ್ತೆಗಳನ್ನು ಪತ್ರಿಕೆಗಳಲ್ಲಿ ಓದಿ, 1986ನೆಯ ಇಸವಿ ಆಗಸ್ಟ್ 26ರಂದು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರವನ್ನು ಬರೆದರು. ಅದೇ ಪತ್ರವನ್ನು ಅರ್ಜಿಯೆಂದು ಅಂಗೀಕರಿಸಿ, ಸರ್ವೋಚ್ಚ ನ್ಯಾಯಾಲಯವು 1996ನೆಯ ಇಸವಿ ಡಿಸೆಂಬರ್ 18ರಂದು ದಸ್ತಗಿರಿಗೆ ಸಂಬಂಧಿಸಿದ 11 ನಿಯಮಗಳನ್ನು ವಿಧಿಸಿತು. ಇಂದು ಸಂಹಿತೆಯಲ್ಲಿರುವ ದಸ್ತಗಿರಿ ಪತ್ರವೂ, ಬಂಧುವಿಗೆ ಮುಟ್ಟಿಸುವ ಸುದ್ದಿಯೂ ಆ ನಿಯಮಗಳ ಫಲವೇ. ಪತ್ರಿಕೆಯಲ್ಲಿ ಅದೇ ವಾರ್ತೆಗಳನ್ನು ಓದಿದವರು ಸಾವಿರಾರು ಮಂದಿ ಇದ್ದಿರಬೇಕು. ಅವರು ಓದಿ ಮಡಿಸಿಟ್ಟರು, ಇವರು ಲೇಖನಿಯನ್ನೆತ್ತಿಕೊಂಡರು. ವ್ಯತ್ಯಾಸವಿಷ್ಟೇ. 2020ರ ಡಿಸೆಂಬರ್ 2ರಂದು ಪ್ರತಿಯೊಂದು ಠಾಣೆಯಲ್ಲಿಯೂ ಸಿ.ಸಿ. ಕ್ಯಾಮರಾಗಳನ್ನಿಡಬೇಕೆಂದೂ, 2025ರ ನವೆಂಬರ್ 6ರಂದು ದಸ್ತಗಿರಿಯ ಕಾರಣಗಳನ್ನು ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕೆಂದೂ ಅದೇ ನ್ಯಾಯಾಲಯವು ಹೇಳಿರುವುದು ಈ ಹಾದಿಯ ಮುಂದಿನ ಹೆಜ್ಜೆಗಳು. ತಿಳಿಯುವ ಭಾಷೆಯಲ್ಲಿ ಎಂಬ ಮಾತು ಕನ್ನಡದ ಅಭಿಮಾನಿಗಳಿಗೆ ವಿಶೇಷವಾಗಿ ಪ್ರಿಯವಾಗಬೇಕು. ರಾಜ್ಯೋತ್ಸವದ ಮೆರವಣಿಗೆಗಿಂತ, ದಸ್ತಗಿರಿಯಾದ ಬಡವನ ಕೈಯಲ್ಲಿರುವ ಒಂದು ಕನ್ನಡದ ಹಾಳೆಯು ಭಾಷೆಗೆ ಹೆಚ್ಚಿನ ಸೇವೆ.

ಇನ್ನು ಕರ್ತವ್ಯದ ಮಾತು. ದಾವಣಗೆರೆಯಲ್ಲಿ ಕಾನೂನು ಕಾಲೇಜುಂಟು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವುಂಟು. 1987ರ ಕಾಯಿದೆಯಂತೆ ಸ್ತ್ರೀಯರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಬಂಧನದಲ್ಲಿರುವವರಿಗೂ, ಅವರ ವರಮಾನವೆಷ್ಟೆಂದು ಕೇಳದೆ, ಪುಕ್ಕಟೆಯಾಗಿ ವಕೀಲರು ದೊರೆಯಬೇಕು. 15100 ಎಂಬ ಸಂಖ್ಯೆಗೆ ಫೋನು ಮಾಡಿದರೆ ಸಾಕು. ಈ ಸಂಖ್ಯೆಯು ಎಷ್ಟು ಮನೆಗಳ ಗೋಡೆಯ ಮೇಲಿದೆ? ಸಾಹಿತ್ಯ ಸಂಘಗಳೂ ಶಾಲೆಗಳೂ ಮಹಿಳಾ ಸಮಾಜಗಳೂ ವರ್ಷಕ್ಕೊಂದು ದಿನವನ್ನಾದರೂ ಈ ವಿಷಯದ ಬೋಧೆಗೆ ಮೀಸಲಿಡಲಾರವೇ? ಹಮಾಲರ ಕೇರಿಯಲ್ಲಿ, ಭಟ್ಟಿಗಳ ಬೀದಿಯಲ್ಲಿ ಕುಳಿತು, ತಿಳಿಗನ್ನಡದಲ್ಲಿ ಈ ಹತ್ತು ಮಾತುಗಳನ್ನು ಹೇಳಲಾರವೇ?

ಹರಿಹರದ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ನರಸಿಂಹನ ಮಂತ್ರಿಯೂ ದಂಡನಾಥನೂ ಆಗಿದ್ದ ಪೋಲಾಳ್ವನು. ದಂಡವನ್ನು ಕೈಯಲ್ಲಿ ಹಿಡಿದಿದ್ದ ಆತನು, ಸಂಹರಿಸುವ ಹರನನ್ನೂ ಪಾಲಿಸುವ ಹರಿಯನ್ನೂ ಒಂದೇ ವಿಗ್ರಹದಲ್ಲಿ ಪೂಜಿಸಿದನು. ದಂಡವೂ ರಕ್ಷೆಯೂ ಒಂದನ್ನೊಂದು ಬಿಟ್ಟು ನಿಲ್ಲಲಾರವೆಂಬ ಅರ್ಥವನ್ನು ಆ ಮೂರ್ತಿಯಲ್ಲಿ ಕಾಣುವುದು ಅಸಂಗತವಾಗದು. ಹಕ್ಕನ್ನು ಕೇಳುವ ಪ್ರಜೆಯು ಪೋಲೀಸರ ವೈರಿಯಲ್ಲ. ಅವರ ಕೈಯ ದಂಡಕ್ಕೆ ಧರ್ಮದ ತೂಕವನ್ನು ಕೊಡತಕ್ಕವನು.

ಆದುದರಿಂದ, ವಿದ್ಯಾನಗರದ ಆ ತಂದೆಯು ಮುಂದಿನ ಸಲ ಶಿಫಾರಸಿನ ಫೋನನ್ನು ಕೆಳಗಿಟ್ಟು, ಸಂಹಿತೆಯ ನಾಲ್ಕು ಪ್ರಕರಣಗಳನ್ನು ಬಾಯಲ್ಲಿಟ್ಟುಕೊಂಡು, ವಕೀಲರೊಡನೆ ಠಾಣೆಗೆ ನಡೆಯಲಿ. ದಸ್ತಗಿರಿಯ ಪತ್ರವೆಲ್ಲಿ ಎಂದು ವಿನಯದಿಂದ ಕೇಳಲಿ. ತನ್ನ ಮಗನಿಗಾಗಿ ಕೇಳಿದ ಬಾಯಿಂದಲೇ, ಪಕ್ಕದ ಬೆಂಚಿನ ಮೇಲೆ ಕುಳಿತ ಮಂಡಕ್ಕಿ ಭಟ್ಟಿಯ ಹುಡುಗನ ಪತ್ರವೆಲ್ಲಿ ಎಂದೂ ಕೇಳಲಿ. ಅಂದು ಮನೆಗೆ ಬರುವುದು ಅರ್ಧ ಗಂಟೆ ತಡವಾದೀತು. ಆದರೆ ಆ ಹುಡುಗನ ಮನೆಗೆ ಶಾಸನವೊಂದೇ ದಿಕ್ಕು. ಅದು ಜೀವಂತವಾಗಿದೆಯೆಂದು ಠಾಣೆಯ ಬಾಗಿಲಲ್ಲಿ ತೋರಿಸಿಕೊಡಬಲ್ಲವರು ಓದು ಕಲಿತವರಲ್ಲದೆ ಇನ್ನಾರು?